ಮಿಲ್ಟ್ ಸ್ಟೆಗಾಲ್: ಗ್ರೇ ಕಪ್ ಗೆಲ್ಲದ ರಿಸೀವರ್‌ನನ್ನು ಸರ್ವಶ್ರೇಷ್ಠ ಎನ್ನಬಹುದೇ?

ವಿನ್ನಿಪೆಗ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಕೆನಡಾದ ವೃತ್ತಿಪರ ಫುಟ್‌ಬಾಲ್, ಅಂದರೆ ಸಿಎಫ್‌ಎಲ್, ನಮ್ಮವರಲ್ಲಿ ಹೆಚ್ಚು ಮಂದಿ ನೋಡುವ ಆಟವಲ್ಲ. ಇಲ್ಲಿಗೆ ವಲಸೆ ಬಂದ ಕನ್ನಡಿಗರೂ ಸಾಮಾನ್ಯವಾಗಿ ಐಸ್ ಹಾಕಿಗೆ ಒಗ್ಗಿಕೊಳ್ಳುತ್ತಾರೆಯೇ ಹೊರತು ಇದರ ಕಡೆ ತಿರುಗುವುದು ಕಡಿಮೆ. ಆದರೆ ಮ್ಯಾನಿಟೋಬಾದಲ್ಲಿ ಕೆಲವು ವರ್ಷ ಕಳೆದವರಿಗೆ ಮಿಲ್ಟ್ ಸ್ಟೆಗಾಲ್ ಎಂಬ ಹೆಸರು ಕಿವಿಗೆ ಬೀಳದೆ ಇರದು. ವಿನ್ನಿಪೆಗ್‌ನ ಹಳೆಯ ಕ್ರೀಡಾಂಗಣವಿದ್ದ ಪೋಲೋ ಪಾರ್ಕ್ ಬಳಿಯ ಒಂದು ರಸ್ತೆಗೆ ಅವರ ಹೆಸರಿದೆ. ಅವರ ಆಟದ ಬದುಕಿನ ಬಗ್ಗೆ ಒಂದು ಚರ್ಚೆ ನಡೆಯಲಿ ಎಂಬ ಉದ್ದೇಶದಿಂದ ಇದನ್ನು ಆರಂಭಿಸುತ್ತಿದ್ದೇನೆ.

ಸ್ಟೆಗಾಲ್ ಅವರು ಹುಟ್ಟಿದ್ದು 1970ರ ಜನವರಿಯಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ಓದಿದ್ದು ಮತ್ತು ಕಾಲೇಜು ಮಟ್ಟದಲ್ಲಿ ಆಡಿದ್ದು ಅದೇ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಲ್ಲಿ. ಫ್ಲೋರಿಡಾದ ಮಯಾಮಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಆದರೂ ತವರೂರಿನ ಬೆಂಗಾಲ್ಸ್ ತಂಡದಲ್ಲಿ 1992ರಿಂದ 1994ರವರೆಗೆ ಮೂರು ಋತುಗಳ ಕಾಲ ಇದ್ದರು. ಅಲ್ಲಿ ಅವರ ಮುಖ್ಯ ಕೆಲಸ ಎದುರಾಳಿ ಒದ್ದು ಕಳುಹಿಸಿದ ಚೆಂಡನ್ನು ಹಿಡಿದು ಮರಳಿ ಓಡುವುದಾಗಿತ್ತು. ಗಾಳಿಯಲ್ಲಿ ಎಸೆದ ಚೆಂಡನ್ನು, ಅಂದರೆ ಪಾಸ್ ಅನ್ನು, ಹಿಡಿದು ಓಡುವ ರಿಸೀವರ್ ಆಗಿ ಅವಕಾಶ ಸಿಕ್ಕಿದ್ದು ಬಹಳ ಕಡಿಮೆ. ಬಳಿಕ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಹೋದರೂ ನೆಲೆ ನಿಲ್ಲಲಿಲ್ಲ. 1995ರ ಋತು ಅರ್ಧಕ್ಕೂ ಹೆಚ್ಚು ಮುಗಿದ ಮೇಲೆ, ತಮ್ಮ 25ನೇ ವಯಸ್ಸಿನಲ್ಲಿ, ವಿನ್ನಿಪೆಗ್ ಬ್ಲೂ ಬಾಂಬರ್ಸ್ ಸೇರಿದರು. ಅಲ್ಲಿಂದ 2008ರವರೆಗೆ, ಒಟ್ಟು 14 ಋತುಗಳು, ಬೇರೆ ಯಾವ ತಂಡದ ಅಂಗಿಯನ್ನೂ ತೊಡಲಿಲ್ಲ. ಅವರ ಅಂಗಿಯ ಸಂಖ್ಯೆ 85.

ನಿವೃತ್ತರಾಗುವ ಹೊತ್ತಿಗೆ ಅವರ ಲೆಕ್ಕ ಹೀಗಿತ್ತು: 854 ಪಾಸ್ ಹಿಡಿದಿದ್ದರು, ಅವುಗಳಿಂದ 15,153 ಯಾರ್ಡ್ ಗಳಿಸಿದ್ದರು, ಒಟ್ಟು 147 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನಿನ ಆಚೆಗೆ ಒಯ್ದು ಆರು ಅಂಕ ಗಳಿಸುವುದು) ಮಾಡಿದ್ದರು. ಯಾರ್ಡ್‌ಗಳ ದಾಖಲೆಯನ್ನು ನಂತರ ಜೆರಾಯ್ ಸೈಮನ್ ಮುರಿದರು. 147 ಮಾತ್ರ ಇಂದಿಗೂ ಹಾಗೆಯೇ ನಿಂತಿದೆ. ಆದರೆ ಲೀಗಿನ ಅಂತಿಮ ಪಂದ್ಯದಲ್ಲಿ ಗೆದ್ದವರಿಗೆ ಸಿಗುವ ಗ್ರೇ ಕಪ್, 1909ರಲ್ಲಿ ಗವರ್ನರ್ ಜನರಲ್ ಆಗಿದ್ದ ಅರ್ಲ್ ಗ್ರೇ ಅವರು ಕೊಟ್ಟ ಆ ಬಟ್ಟಲು, ಸ್ಟೆಗಾಲ್ ಅವರ ಕೈಗೆ ಒಮ್ಮೆಯೂ ಬರಲಿಲ್ಲ. ಇಷ್ಟಾದರೂ ಸಿಎಫ್‌ಎಲ್ ಕಂಡ ಅತ್ಯುತ್ತಮ ರಿಸೀವರ್ ಅವರೇ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ದಯವಿಟ್ಟು ಕಾರಣ ಸಮೇತ ಬರೆಯಿರಿ.

ಮೈಸೂರಿನ ಓದುಗ

ಬಹಳ ಆಸಕ್ತಿಯಿಂದ ಓದಿದೆ, ಸರ್. ಅಮೆರಿಕದ ಎನ್‌ಎಫ್‌ಎಲ್ ಪಂದ್ಯಗಳನ್ನು ಟಿವಿಯಲ್ಲಿ ಆಗಾಗ ನೋಡಿದ್ದೇನೆ, ಕೆನಡಾದ ಆಟವನ್ನು ನೋಡಿಲ್ಲ. ಎರಡೂ ಒಂದೇ ಆಟವಾಗಿದ್ದರೆ, ಬೆಂಗಾಲ್ಸ್ ತಂಡದಲ್ಲಿ ಹೆಚ್ಚು ಅವಕಾಶ ಸಿಗದ ಆಟಗಾರ ವಿನ್ನಿಪೆಗ್‌ಗೆ ಬಂದ ಕೂಡಲೇ ದಾಖಲೆಗಳನ್ನು ಮುರಿಯಲು ಹೇಗೆ ಸಾಧ್ಯವಾಯಿತು? ಕೆನಡಾದ ಲೀಗಿನ ಮಟ್ಟವೇ ಕೆಳಗಿನದು ಎಂದು ಅರ್ಥಮಾಡಿಕೊಳ್ಳಬೇಕೇ, ಅಥವಾ ಆಟದ ನಿಯಮಗಳಲ್ಲಿಯೇ ಏನಾದರೂ ವ್ಯತ್ಯಾಸವಿದೆಯೇ?

ವಿನ್ನಿಪೆಗ್ ನಿವಾಸಿ

ಒಳ್ಳೆಯ ಪ್ರಶ್ನೆ. ಸಂಬಳದ ದೃಷ್ಟಿಯಿಂದ ನೋಡಿದರೆ ಎರಡು ಲೀಗ್‌ಗಳ ನಡುವೆ ದೊಡ್ಡ ಅಂತರವಿದೆ. 2007ರಲ್ಲಿ ಸಿಎಫ್‌ಎಲ್ ತಂಡವೊಂದು ತನ್ನ ಎಲ್ಲ ಆಟಗಾರರಿಗೂ ಸೇರಿಸಿ ಕೊಡಬಹುದಾಗಿದ್ದ ಸಂಬಳದ ಮಿತಿ 40.5 ಲಕ್ಷ ಕೆನಡಿಯನ್ ಡಾಲರ್ ಮಾತ್ರ. ಆ ಕಾಲದಲ್ಲಿ ಎನ್‌ಎಫ್‌ಎಲ್‌ನ ಒಬ್ಬನೇ ಪ್ರಮುಖ ಆಟಗಾರ ಇದಕ್ಕಿಂತ ಹೆಚ್ಚು ಪಡೆಯುತ್ತಿದ್ದ. ಹಾಗಾಗಿ ಅತ್ಯುತ್ತಮ ಅಮೆರಿಕನ್ ಆಟಗಾರರು ಅಲ್ಲಿಯೇ ಉಳಿಯುತ್ತಾರೆ ಎಂಬುದು ನಿಜ. ಆದರೆ ನಿಮ್ಮ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ.

ಸ್ಟೆಗಾಲ್ ಅವರ ಕಾಲದ ಮೈದಾನವನ್ನು ಮನಸ್ಸಿಗೆ ತಂದುಕೊಳ್ಳಿ. ಒಂದು ಗೋಲ್ ಲೈನಿನಿಂದ ಇನ್ನೊಂದಕ್ಕೆ 110 ಯಾರ್ಡ್ ಉದ್ದ, 65 ಯಾರ್ಡ್ ಅಗಲ. ಅಮೆರಿಕದ ಮೈದಾನದ ಉದ್ದ 100 ಯಾರ್ಡ್, ಅಗಲ 53ಕ್ಕೆ ಸ್ವಲ್ಪ ಮೇಲೆ. ಗೋಲ್ ಲೈನಿನ ಆಚೆಯ ಎಂಡ್ ಝೋನ್ ಅಲ್ಲಿ 10 ಯಾರ್ಡ್ ಆಳವಿದ್ದರೆ ಇಲ್ಲಿ 20. ಒಂದೊಂದು ತಂಡದಲ್ಲಿ 11ರ ಬದಲು 12 ಆಟಗಾರರು. ಹತ್ತು ಯಾರ್ಡ್ ಮುಂದುವರಿಯಲು ಅಲ್ಲಿ ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್; ಇಲ್ಲಿ ಮೂರೇ. ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ದೂರ ಕಳುಹಿಸುವುದರಿಂದ ನಿಜವಾಗಿ ಸಿಗುವುದು ಎರಡು ಪ್ರಯತ್ನಗಳು. ಚೆಂಡನ್ನು ಹೊಟ್ಟೆಗವಚಿಕೊಂಡು ಮೂರು ಮೂರು ಯಾರ್ಡ್ ಓಡುತ್ತಾ ಹೋಗುವ ಆಟ ಇಲ್ಲಿ ನಡೆಯದು, ಗಾಳಿಯಲ್ಲಿ ಎಸೆಯಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇಲ್ಲಿನವರು ವ್ಯಾಗಲ್ ಎಂದು ಕರೆಯುವ ಚಲನೆ. ಎನ್‌ಎಫ್‌ಎಲ್‌ನಲ್ಲಿ ಪಾಸ್ ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಚೆಂಡು ಬರುವ ಕ್ಷಣದಲ್ಲಿ ಒಬ್ಬನೇ ಆಟಗಾರ ಚಲಿಸುತ್ತಿರಬಹುದು, ಅದೂ ಎರಡು ತಂಡಗಳು ಎದುರುಬದುರು ನಿಲ್ಲುವ ಗೆರೆಯ ಕಡೆಗೆ ಅಲ್ಲ. ಕೆನಡಾದಲ್ಲಿ ಗೆರೆಯ ಹಿಂದೆ ನಿಂತಿರುವ ರಿಸೀವರ್‌ಗಳೆಲ್ಲರೂ ಏಕಕಾಲಕ್ಕೆ ಮುಂದಕ್ಕೆ ಓಡಿ ಬರಬಹುದು. ಚೆಂಡು ಹೊರಡುವ ತನಕ ಗೆರೆ ದಾಟಬಾರದು, ಅಷ್ಟೇ. ನಮ್ಮ ಕಣ್ಣಿಗೆ ಪರಿಚಿತವಾದ ರೀತಿಯಲ್ಲಿ ಹೇಳುವುದಾದರೆ, ವೇಗದ ಬೌಲರ್ ಓಡಿ ಬಂದು ಕ್ರೀಸ್ ದಾಟದಂತೆ ಚೆಂಡು ಬಿಡುವ ಹಾಗೆ ರಿಸೀವರ್ ಕೂಡ ಗೆರೆಯ ಬಳಿ ಬರುವ ಹೊತ್ತಿಗೆ ಪೂರ್ಣ ವೇಗದಲ್ಲಿರುತ್ತಾನೆ, ಎದುರಿಗಿರುವ ಡಿಫೆಂಡರ್ ಮಾತ್ರ ನಿಂತಲ್ಲಿಂದ ಹೊರಡಬೇಕಾಗುತ್ತದೆ. ಸ್ಟೆಗಾಲ್ ಅವರು ಆಡುತ್ತಿದ್ದದ್ದು ಸ್ಲಾಟ್‌ಬ್ಯಾಕ್ ಸ್ಥಾನದಲ್ಲಿ, ಅಂದರೆ ಗೆರೆಯ ಹಿಂದಿನಿಂದ ಓಡಿ ಬರುವ ರಿಸೀವರ್ ಆಗಿ. ಬೆಂಗಾಲ್ಸ್‌ನಲ್ಲಿ ಒದೆದ ಚೆಂಡನ್ನು ಹಿಡಿದು ತೆರೆದ ಮೈದಾನದಲ್ಲಿ ಓಡುವುದೇ ಅವರ ಕೆಲಸವಾಗಿತ್ತಲ್ಲ, ಆ ಕೌಶಲಕ್ಕೆ ಹೇಳಿ ಮಾಡಿಸಿದ ಸ್ಥಾನ ಅವರಿಗೆ ಸಿಕ್ಕಿದ್ದು ಇಲ್ಲಿ.

ಕ್ಯಾಲ್ಗರಿ ಕನ್ನಡಿಗ

ವಿನ್ನಿಪೆಗ್‌ನವರು ಸ್ಟೆಗಾಲ್ ಅವರನ್ನು ಹೊಗಳುವುದು ಸಹಜ. ಆದರೆ ಅಲನ್ ಪಿಟ್ಸ್ ಅವರ ಹೆಸರನ್ನೂ ಎತ್ತದೆ ಈ ಚರ್ಚೆ ಆರಂಭವಾದದ್ದು ನನಗೆ ಸರಿ ಕಾಣಲಿಲ್ಲ. ಕ್ಯಾಲ್ಗರಿ ಸ್ಟ್ಯಾಂಪೀಡರ್ಸ್ ಪರವಾಗಿ 1990ರಿಂದ 2000ದವರೆಗೆ 11 ಋತು ಆಡಿದ ಪಿಟ್ಸ್ ಅವರು 966 ಪಾಸ್ ಹಿಡಿದು 14,891 ಯಾರ್ಡ್ ಗಳಿಸಿದರು, 117 ಟಚ್‌ಡೌನ್ ಮಾಡಿದರು. ಭಾಗಿಸಿ ನೋಡಿ: ಋತುವೊಂದಕ್ಕೆ ಪಿಟ್ಸ್ ಅವರ ಸರಾಸರಿ 1,350 ಯಾರ್ಡ್‌ಗಿಂತ ಹೆಚ್ಚು, ಸ್ಟೆಗಾಲ್ ಅವರದು 1,100ಕ್ಕೂ ಕಡಿಮೆ. ಸ್ಟೆಗಾಲ್ ಅವರ ಹೆಗ್ಗಳಿಕೆ ಎನ್ನುವ ಟಚ್‌ಡೌನ್‌ನಲ್ಲಿಯೂ ಋತುವಿನ ಸರಾಸರಿ ಹೆಚ್ಚುಕಡಿಮೆ ಸಮವೇ, ಇಬ್ಬರದೂ ಹತ್ತರ ಮೇಲೆ ಸ್ವಲ್ಪ. 1994ರಲ್ಲಿ ಪಿಟ್ಸ್ ಅವರು ಒಂದೇ ಋತುವಿನಲ್ಲಿ 2,036 ಯಾರ್ಡ್ ಗಳಿಸಿದರು, ಆ ದಾಖಲೆಯನ್ನು ಸ್ಟೆಗಾಲ್ ಅವರಿಗೂ ಮುಟ್ಟಲಾಗಲಿಲ್ಲ. ಜೊತೆಗೆ 1992 ಮತ್ತು 1998ರಲ್ಲಿ ಎರಡು ಗ್ರೇ ಕಪ್.

ಇನ್ನೂ ಮೂರು ಋತು ಆಡಿದ್ದರೆ ಪಿಟ್ಸ್ ಅವರ ಲೆಕ್ಕ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ತಾವೇ ಊಹಿಸಬಹುದು. ಹೆಚ್ಚು ವರ್ಷ ಆಡಿದ್ದರಿಂದ ಒದಗಿದ ಒಟ್ಟು ಸಂಖ್ಯೆಯನ್ನು ಶ್ರೇಷ್ಠತೆಯ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ.

ಲೆಕ್ಕದ ಪುಸ್ತಕ

ಕ್ಯಾಲ್ಗರಿಯವರು ಎತ್ತಿದ ಆಕ್ಷೇಪಣೆಯಲ್ಲಿ ತೂಕವಿದೆ. ಆದರೆ ಋತುವಿನ ಸರಾಸರಿ ತೆಗೆಯುವಾಗ ಸ್ಟೆಗಾಲ್ ಅವರ 1995 ಪೂರ್ತಿ ಋತುವಲ್ಲ, ಕೊನೆಯ ಭಾಗ ಮಾತ್ರ ಎಂಬುದನ್ನು ಗಮನಿಸಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಋತುವಿನ ಸರಾಸರಿ ಎಂಬುದು ಆಟಗಾರನ ಕಡೆಗೆ ಎಷ್ಟು ಚೆಂಡುಗಳು ಬಂದವು ಎಂಬುದರ ಮೇಲೆ ನಿಂತಿರುತ್ತದೆ. ರಿಸೀವರ್ ತಾನಾಗಿಯೇ ಚೆಂಡನ್ನು ತಂದುಕೊಳ್ಳಲಾರ. ಹಾಗಾಗಿ ನಾನು ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತೇನೆ: ಕೈಗೆ ಬಂದ ಒಂದು ಚೆಂಡಿನಿಂದ ಆತ ಏನು ಮಾಡಿದ?

ಹಿಡಿದ ಪಾಸ್ ಒಂದಕ್ಕೆ ಸ್ಟೆಗಾಲ್ ಅವರ ಸರಾಸರಿ 17.7 ಯಾರ್ಡ್, ಪಿಟ್ಸ್ ಅವರದು 15.4, ಇವರಿಬ್ಬರ ಯಾರ್ಡ್‌ಗಳನ್ನೂ ಹಿಂದಿಕ್ಕಿದ ಜೆರಾಯ್ ಸೈಮನ್ ಅವರದು, 1,029 ಪಾಸ್‌ಗಳಿಂದ 16,352 ಯಾರ್ಡ್, ಅಂದರೆ 15.9. ಟಚ್‌ಡೌನ್ ವಿಷಯಕ್ಕೆ ಬಂದರೆ ಅಂತರ ಇನ್ನೂ ಹೆಚ್ಚು. ಸ್ಟೆಗಾಲ್ ಅವರ 147ರಲ್ಲಿ 144 ಪಾಸ್ ಹಿಡಿದು ಮಾಡಿದವು, ಅಂದರೆ ಅವರು ಹಿಡಿದ ಪ್ರತಿ ಆರು ಪಾಸ್‌ಗಳಲ್ಲಿ ಒಂದು ಟಚ್‌ಡೌನ್ ಆಯಿತು. ಪಿಟ್ಸ್ ಅವರಿಗೆ ಎಂಟಕ್ಕೂ ಸ್ವಲ್ಪ ಹೆಚ್ಚು ಬೇಕಾಯಿತು, 103 ಟಚ್‌ಡೌನ್ ಮಾಡಿದ ಸೈಮನ್ ಅವರಿಗೆ ಹತ್ತು.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವ ಹೋಲಿಕೆ ಇನ್ನೊಂದಿದೆ. ಸ್ಟೆಗಾಲ್ ಅವರಿಗಿಂತ ಮೊದಲು ಟಚ್‌ಡೌನ್ ದಾಖಲೆ ಇದ್ದದ್ದು ಸಸ್ಕಾಚೆವಾನ್ ರಫ್‌ರೈಡರ್ಸ್ ತಂಡದ ಜಾರ್ಜ್ ರೀಡ್ ಅವರ ಹೆಸರಿನಲ್ಲಿ, 137. ಅವರು 1975ರಲ್ಲಿ ಆಟ ಮುಗಿಸಿದರು. ಮೂರು ದಶಕಗಳ ನಂತರ ಮೈಕ್ ಪ್ರಿಂಗಲ್ ಅವರೂ ಸರಿಯಾಗಿ 137ಕ್ಕೆ ನಿಂತರು. ಇಬ್ಬರೂ ರನ್ನಿಂಗ್ ಬ್ಯಾಕ್‌ಗಳು, ಅಂದರೆ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡನ್ನು ನೇರವಾಗಿ ಪಡೆದು ಓಡುವವರು. ಗೋಲ್ ಲೈನಿಗೆ ಒಂದೆರಡು ಯಾರ್ಡ್ ಉಳಿದಾಗ ಚೆಂಡು ಸಾಮಾನ್ಯವಾಗಿ ಅಂಥವರಿಗೇ ಹೋಗುತ್ತದೆ. ರೀಡ್ ಅವರು ಚೆಂಡು ಹೊತ್ತು ಓಡಿದ್ದು 3,243 ಬಾರಿ. ಸ್ಟೆಗಾಲ್ ಅವರು ಪಾಸ್ ಹಿಡಿದದ್ದು 854 ಬಾರಿ. 2007ರಲ್ಲಿ 138ನೆಯ ಟಚ್‌ಡೌನ್ ಮಾಡಿ ಅವರು ಆ ಇಬ್ಬರನ್ನೂ ದಾಟಿದರು. ರೀಡ್ ಅವರಿಗೆ ಸಿಕ್ಕ ಅವಕಾಶಗಳ ಕಾಲು ಭಾಗಕ್ಕೆ ಸ್ವಲ್ಪ ಮೇಲ್ಪಟ್ಟು ಅವಕಾಶಗಳಲ್ಲಿ ಇದನ್ನು ಸಾಧಿಸಿದ್ದನ್ನು ಕೇವಲ ದೀರ್ಘಾಯುಷ್ಯದ ಫಲ ಎಂದು ತಳ್ಳಿಹಾಕಲು ನನ್ನಿಂದಾಗದು.

ಕ್ಯಾಲ್ಗರಿ ಕನ್ನಡಿಗ

ಮೇಡಂ, ನಿಮ್ಮ ಅಂಕಿಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ಒಪ್ಪಲಾರೆ. ದೂರದ ಪಾಸ್‌ಗಾಗಿಯೇ ಓಡುವ ರಿಸೀವರ್‌ನ ಸರಾಸರಿ ಸಹಜವಾಗಿಯೇ ಹೆಚ್ಚಿರುತ್ತದೆ. ಎರಡನೆಯ ಡೌನಿನಲ್ಲಿ ಏಳೆಂಟು ಯಾರ್ಡ್ ಬೇಕಾಗಿರುವಾಗ ಮೈದಾನದ ಮಧ್ಯಕ್ಕೆ ನುಗ್ಗಿ, ಎದುರಾಳಿ ರಕ್ಷಣೆಯ ಇಬ್ಬರು ಲೈನ್‌ಬ್ಯಾಕರ್‌ಗಳ ಡಿಕ್ಕಿ ಖಚಿತವೆಂದು ಗೊತ್ತಿದ್ದೂ ಚೆಂಡನ್ನು ಹಿಡಿದು ತಂಡವನ್ನು ಮೈದಾನದಲ್ಲಿ ಉಳಿಸುವವನ ಕೆಲಸ ನಿಮ್ಮ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಮಾಂಟ್ರಿಯಲ್ ಅಲುಯೆಟ್ಸ್ ತಂಡದ ಬೆನ್ ಕಹೂನ್ ಅವರು ಹಿಡಿದ 1,017 ಪಾಸ್‌ಗಳಲ್ಲಿ ಬಹುಪಾಲು ಇಂಥವೇ. ಅವರ ತಂಡ 2002, 2009, 2010ರಲ್ಲಿ ಗ್ರೇ ಕಪ್ ಗೆದ್ದದ್ದು ಇಂಥ ಆಟದಿಂದ. ಮೂರು ಡೌನ್‌ಗಳ ಆಟದಲ್ಲಿ ಚೆಂಡನ್ನು ಕೈಬಿಡದಿರುವುದೇ ಅರ್ಧ ಗೆಲುವು.

ಹ್ಯಾಮಿಲ್ಟನ್ ನೋಟ

ಕ್ಯಾಲ್ಗರಿಯವರ ಮಾತಿಗೆ ಒಂದು ಪೂರಕ ಅಂಶವನ್ನೂ ಒಂದು ಆಕ್ಷೇಪವನ್ನೂ ಸೇರಿಸಲು ಬಯಸುತ್ತೇನೆ.

ಮೊದಲು ಪೂರಕ ಅಂಶ. ಕಹೂನ್ ಅವರನ್ನು ಲೀಗ್ ಕೆನಡಾದ ಆಟಗಾರನೆಂದು ಪರಿಗಣಿಸಿತ್ತು. ಆ ಕಾಲದ ನಿಯಮದಂತೆ ಆಕ್ರಮಣ ಮತ್ತು ರಕ್ಷಣೆ ಎರಡೂ ಕಡೆಯ 24 ಆರಂಭಿಕ ಆಟಗಾರರಲ್ಲಿ ಕನಿಷ್ಠ ಏಳು ಮಂದಿ ಕೆನಡಾದವರಿರಬೇಕಿತ್ತು. ಆದ್ದರಿಂದ ಉತ್ತಮ ಕೆನಡಿಯನ್ ರಿಸೀವರ್ ಒಬ್ಬನಿದ್ದರೆ ತರಬೇತುದಾರನಿಗೆ ಬೇರೊಂದು ಸ್ಥಾನದಲ್ಲಿ ಇನ್ನೊಬ್ಬ ಅಮೆರಿಕನ್ನನನ್ನು ನಿಲ್ಲಿಸುವ ಅನುಕೂಲ ದೊರೆಯುತ್ತಿತ್ತು. ಇದರ ಇನ್ನೊಂದು ಮುಖವೆಂದರೆ ಸ್ಟೆಗಾಲ್ ಅವರಂಥ ಅಮೆರಿಕನ್ ರಿಸೀವರ್‌ಗಳ ಸ್ಥಾನ ಯಾವಾಗಲೂ ಅಭದ್ರ. ಪ್ರತಿ ಬೇಸಿಗೆಯ ಶಿಬಿರಕ್ಕೂ ಎನ್‌ಎಫ್‌ಎಲ್‌ನಲ್ಲಿ ಜಾಗ ಸಿಗದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು ಕಡಿಮೆ ಸಂಬಳಕ್ಕೆ ಸಿದ್ಧರಾಗಿ ಬಂದು ನಿಲ್ಲುತ್ತಾರೆ. ಇಂಥ ಲೀಗಿನಲ್ಲಿ ಒಬ್ಬ ವಿದೇಶಿ ರಿಸೀವರ್ 38ನೇ ವಯಸ್ಸಿನವರೆಗೆ ಒಂದೇ ತಂಡದಲ್ಲಿ ಉಳಿದದ್ದು ಸಣ್ಣ ಮಾತಲ್ಲ.

ಈಗ ಆಕ್ಷೇಪ. ಪಿಟ್ಸ್ ಅವರಿಗೆ ಚೆಂಡು ಎಸೆದವರು ಯಾರು? ಡಗ್ ಫ್ಲೂಟಿ, ಜೆಫ್ ಗಾರ್ಸಿಯಾ, ಡೇವ್ ಡಿಕನ್ಸನ್. ಮೂವರೂ ಮುಂದೆ ಎನ್‌ಎಫ್‌ಎಲ್ ತಂಡಗಳಿಗೆ ಹೋದವರು. ಗಾರ್ಸಿಯಾ ಅವರಂತೂ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. 1990ರ ದಶಕದ ಕ್ಯಾಲ್ಗರಿ ತಂಡ ಲೀಗಿನ ಅತ್ಯಂತ ಬಲಿಷ್ಠ ತಂಡಗಳಲ್ಲೊಂದು. ಅದೇ ಅವಧಿಯ ವಿನ್ನಿಪೆಗ್ ಹೇಗಿತ್ತು? 1997ರಲ್ಲಿ 18 ಪಂದ್ಯಗಳಲ್ಲಿ ನಾಲ್ಕು ಗೆಲುವು, 1998ರಲ್ಲಿ ಮೂರೇ. ಆ ನಾಲ್ಕು ಗೆಲುವಿನ ಋತುವಿನಲ್ಲಿಯೇ ಸ್ಟೆಗಾಲ್ ಅವರು 61 ಪಾಸ್ ಹಿಡಿದು 1,616 ಯಾರ್ಡ್ ಗಳಿಸಿದರು. ಪಾಸ್ ಒಂದಕ್ಕೆ 26.5 ಯಾರ್ಡ್. ತಂಡದಲ್ಲಿ ಇವರೊಬ್ಬರನ್ನು ತಡೆದರೆ ಸಾಕು ಎಂದು ಪ್ರತಿ ಎದುರಾಳಿಗೂ ತಿಳಿದಿತ್ತು, ಆದರೂ ತಡೆಯಲಾಗಲಿಲ್ಲ. ಈ ಒಂದು ಋತು ನನಗೆ ಅವರ 2002ರ ಋತುವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಮೈಸೂರಿನ ಓದುಗ

2002ರಲ್ಲಿ ಏನಾಯಿತು ಎಂಬುದನ್ನು ಯಾರಾದರೂ ವಿವರಿಸುವಿರಾ?

ವಿನ್ನಿಪೆಗ್ ನಿವಾಸಿ

2002ರಲ್ಲಿ ಸ್ಟೆಗಾಲ್ ಅವರು ಒಂದೇ ಋತುವಿನಲ್ಲಿ 23 ಟಚ್‌ಡೌನ್ ಮಾಡಿದರು, ಅದು ಲೀಗಿನ ದಾಖಲೆ. ಅದಕ್ಕೂ ಮೊದಲು ರಿಸೀವರ್ ಒಬ್ಬರ ಅತ್ಯಧಿಕ ಸಂಖ್ಯೆ 21, ಅದು 1994ರಲ್ಲಿ ಪಿಟ್ಸ್ ಅವರು ಮಾಡಿದ್ದು. ಯಾರ್ಡ್‌ಗಳಲ್ಲಿಯೂ 1,800 ದಾಟಿ, ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಹಿಂದಿನ ವರ್ಷ ಅದೇ ಪ್ರಶಸ್ತಿ ಅವರ ಕ್ವಾರ್ಟರ್‌ಬ್ಯಾಕ್ ಖಾರಿ ಜೋನ್ಸ್ ಅವರಿಗೆ ಬಂದಿತ್ತು. 2002ರಲ್ಲಿ ಜೋನ್ಸ್ ಅವರು ಎಸೆದ ಟಚ್‌ಡೌನ್ ಪಾಸ್‌ಗಳು 46. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಬ್ಬನೇ ರಿಸೀವರ್‌ಗೆ ಸೇರಿದವು ಎಂದಾಗ ಇವರಿಬ್ಬರ ಹೊಂದಾಣಿಕೆ ಎಂಥದ್ದಿರಬೇಕು, ಯೋಚಿಸಿ.

ಹ್ಯಾಮಿಲ್ಟನ್‌ನವರು 1997ಕ್ಕೆ ಹೆಚ್ಚು ಬೆಲೆ ಕೊಡುವುದು ನನಗೆ ಅರ್ಥವಾಗುತ್ತದೆ. ಆದರೆ ಗೆಲ್ಲುವ ತಂಡದಲ್ಲಿ, ಪ್ರತಿ ವಾರವೂ ಎದುರಾಳಿಗಳು ನಿಮಗಾಗಿಯೇ ವಿಶೇಷ ಯೋಜನೆ ಮಾಡಿಕೊಂಡು ಬರುವಾಗ, 18 ಪಂದ್ಯಗಳಲ್ಲಿ 23 ಬಾರಿ ಎಂಡ್ ಝೋನ್ ತಲುಪುವುದು ಬೇರೆಯೇ ಬಗೆಯ ಸಾಧನೆ. ಆ ವರ್ಷ ವಿನ್ನಿಪೆಗ್ 12 ಪಂದ್ಯ ಗೆದ್ದಿತ್ತು.

ಕ್ಯಾಲ್ಗರಿ ಕನ್ನಡಿಗ

12 ಗೆದ್ದೂ ಅಂತಿಮ ಪಂದ್ಯ ತಲುಪಲಿಲ್ಲ. ಅದಕ್ಕೂ ಹಿಂದಿನ ವರ್ಷ, 2001ರಲ್ಲಿ, ಅದೇ ತಂಡ 14 ಪಂದ್ಯ ಗೆದ್ದು, ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಗ್ರೇ ಕಪ್‌ನಲ್ಲಿ ನಮ್ಮ ಕ್ಯಾಲ್ಗರಿಗೆ 27-19ರಿಂದ ಸೋತಿತು. ಆ ಋತುವಿನಲ್ಲಿ ಕ್ಯಾಲ್ಗರಿ ಗೆದ್ದದ್ದು ಎಂಟು ಪಂದ್ಯ, ಸೋತದ್ದು ಹತ್ತು! ಪಿಟ್ಸ್ ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರು ಎಂಬುದನ್ನೂ ಗಮನಿಸಿ. ದೊಡ್ಡ ಪಂದ್ಯದ ದಿನ ಸ್ಟೆಗಾಲ್ ಅವರ ತಂಡ ಯಾಕೆ ಮುಗ್ಗರಿಸುತ್ತಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕಾಗುತ್ತದೆ.

ಹ್ಯಾಮಿಲ್ಟನ್ ನೋಟ

ಕೇಳೋಣ, ಆದರೆ ಉತ್ತರವನ್ನು ರಿಸೀವರ್‌ನ ತಲೆಗೆ ಕಟ್ಟುವ ಮೊದಲು 2007ನ್ನು ನೋಡೋಣ. ಆ ವರ್ಷ ಪೂರ್ವ ವಿಭಾಗದ ಫೈನಲ್‌ನಲ್ಲಿ ವಿನ್ನಿಪೆಗ್ ಟೊರಾಂಟೊವನ್ನು ಸೋಲಿಸಿತು. ಆದರೆ ಅದೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಕೆವಿನ್ ಗ್ಲೆನ್ ಅವರ ತೋಳಿನ ಮೂಳೆ ಮುರಿಯಿತು. ಒಂದು ವಾರದ ನಂತರ ನಡೆದ ಗ್ರೇ ಕಪ್‌ನಲ್ಲಿ ಅವರ ಜಾಗದಲ್ಲಿ ನಿಂತವರು ರಯಾನ್ ಡಿನ್‌ವಿಡಿ. ಸಿಎಫ್‌ಎಲ್‌ನಲ್ಲಿ ಅವರು ಪಂದ್ಯವೊಂದನ್ನು ಆರಂಭಿಸಿದ್ದು ಅದೇ ಮೊದಲು. ಸಸ್ಕಾಚೆವಾನ್‌ನ ಜೇಮ್ಸ್ ಜಾನ್ಸನ್ ಅವರೊಬ್ಬರೇ ಮೂರು ಪಾಸ್‌ಗಳನ್ನು ನಡುವೆ ಕಸಿದುಕೊಂಡು ಅಂತಿಮ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದರು. ವಿನ್ನಿಪೆಗ್ ಸೋತದ್ದು 23-19ರಿಂದ, ನಾಲ್ಕು ಅಂಕಗಳ ಅಂತರದಲ್ಲಿ. ಆಗ ಸ್ಟೆಗಾಲ್ ಅವರಿಗೆ 37 ವರ್ಷ. ಮೊದಲ ಬಾರಿಗೆ ಆಡುತ್ತಿರುವವನು ಎಸೆದ ಚೆಂಡು ತಮ್ಮ ತನಕ ಬಂದು ತಲುಪದಿದ್ದರೆ ರಿಸೀವರ್ ಏನು ಮಾಡಬೇಕಿತ್ತು ಎಂಬುದನ್ನು ಕ್ಯಾಲ್ಗರಿಯವರು ತಿಳಿಸಿದರೆ ಒಳ್ಳೆಯದು.

ಒಂದು ನಗರದ ಬರವನ್ನು ಒಬ್ಬನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ವಿನ್ನಿಪೆಗ್ 1990ರಲ್ಲಿ ಗ್ರೇ ಕಪ್ ಗೆದ್ದ ಮೇಲೆ ಮತ್ತೆ ಗೆದ್ದದ್ದು 2019ರಲ್ಲಿ. ದುಃಖದ ಸಂಗತಿಯೆಂದರೆ, ಆ ಬಾರಿ ಅವರು ಬಗ್ಗುಬಡಿದದ್ದು ನಮ್ಮ ಹ್ಯಾಮಿಲ್ಟನ್ ತಂಡವನ್ನು, 33-12ರಿಂದ. ಸ್ಟೆಗಾಲ್ ಅವರ ಇಡೀ ವೃತ್ತಿಜೀವನ ಆ ಬರಗಾಲದ ಒಳಗೇ ಬಿದ್ದಿತು. ಜೆರಾಯ್ ಸೈಮನ್ ಅವರನ್ನೇ ತೆಗೆದುಕೊಳ್ಳಿ: ಅವರು ಸಿಎಫ್‌ಎಲ್ ಆಟ ಆರಂಭಿಸಿದ್ದು 1999ರಲ್ಲಿ ವಿನ್ನಿಪೆಗ್‌ನಲ್ಲಿಯೇ, ಸ್ಟೆಗಾಲ್ ಅವರ ಜೊತೆಗಾರನಾಗಿ. ಎರಡು ಋತುಗಳ ಬಳಿಕ ಬಿ.ಸಿ. ಲಯನ್ಸ್ ಸೇರಿ 2006 ಮತ್ತು 2011ರಲ್ಲಿ, ಆಮೇಲೆ ಸಸ್ಕಾಚೆವಾನ್‌ನಲ್ಲಿ 2013ರಲ್ಲಿ, ಮೂರು ಗ್ರೇ ಕಪ್ ಗೆದ್ದರು. ಊರು ಬದಲಾದದ್ದರಿಂದ ಅವರ ಕೈಯ ಚಳಕ ಹೆಚ್ಚಾಯಿತೆಂದು ಯಾರೂ ಹೇಳುವುದಿಲ್ಲ.

ಲೆಕ್ಕದ ಪುಸ್ತಕ

ಇಷ್ಟು ಹೊತ್ತಾದರೂ 2006ರ ಜುಲೈ 20ರ ಪಂದ್ಯದ ಬಗ್ಗೆ ಯಾರೂ ಬರೆದಿಲ್ಲವಲ್ಲ! ಮೈಸೂರಿನವರಿಗಾಗಿ ನಾನೇ ಬರೆಯುತ್ತೇನೆ.

ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಂಗಣ. ಎಡ್ಮಂಟನ್ 22, ವಿನ್ನಿಪೆಗ್ 19. ಗಡಿಯಾರದಲ್ಲಿ ಉಳಿದಿರುವುದು ನಾಲ್ಕು ಸೆಕೆಂಡ್, ಚೆಂಡು ಇರುವುದು ವಿನ್ನಿಪೆಗ್‌ನ ಸ್ವಂತ 10 ಯಾರ್ಡ್ ಗೆರೆಯ ಮೇಲೆ. 110 ಯಾರ್ಡ್ ಮೈದಾನವಾದ್ದರಿಂದ ಎದುರಿನ ಗೋಲ್ ಲೈನ್ ಸರಿಯಾಗಿ 100 ಯಾರ್ಡ್ ದೂರ. ಇಂಥ ಹೊತ್ತಿನಲ್ಲಿ ರಕ್ಷಣೆಯ ತಂಡ ಮಾಡಬೇಕಾದ್ದು ಒಂದೇ: ಯಾರನ್ನೂ ತನ್ನ ಬೆನ್ನ ಹಿಂದಕ್ಕೆ ಹೋಗಲು ಬಿಡಬಾರದು. ಮುಂದೆ ಯಾರು ಏನು ಹಿಡಿದರೂ ಅಲ್ಲಿಯೇ ಕೆಡವಿದರೆ ಪಂದ್ಯ ಮುಗಿಯಿತು. ಕೆವಿನ್ ಗ್ಲೆನ್ ಅವರು ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಎಸೆದರು. ಸ್ಟೆಗಾಲ್ ಅವರು ಅದನ್ನು ಓಡುತ್ತಲೇ ಹಿಡಿದು, ಬೆನ್ನಟ್ಟಿದವರಿಗೆ ಸಿಗದೆ ಗೋಲ್ ಲೈನ್ ದಾಟಿದರು. ಆರು ಅಂಕ. ವಿನ್ನಿಪೆಗ್ 25, ಎಡ್ಮಂಟನ್ 22. ಸಮಯ ಮುಗಿದಿತ್ತು.

ಸಿಎಫ್‌ಎಲ್ ಚರಿತ್ರೆಯಲ್ಲಿ ಇದಕ್ಕಿಂತ ಉದ್ದದ ಪಾಸ್‌ಗಳಿವೆ. 1956ರಲ್ಲಿ ಮಾಂಟ್ರಿಯಲ್‌ನ ಸ್ಯಾಮ್ ಎಚೆವೆರಿ ಅವರಿಂದ ಹಾಲ್ ಪ್ಯಾಟರ್ಸನ್ ಅವರಿಗೆ, 1966ರಲ್ಲಿ ಕ್ಯಾಲ್ಗರಿಯ ಜೆರ್ರಿ ಕೀಲಿಂಗ್ ಅವರಿಂದ ಟೆರ್ರಿ ಎವಾನ್ಶೆನ್ ಅವರಿಗೆ, ಎರಡೂ 109 ಯಾರ್ಡ್. ಆದರೆ ಸೋಲುತ್ತಿರುವ ತಂಡ ಪಂದ್ಯದ ಕೊನೆಯ ಚೆಂಡಿನಲ್ಲಿ 100 ಯಾರ್ಡ್ ಓಡಿ ಗೆದ್ದದ್ದು ಬೇರೆ. ಅಂದು ಆಡಿದ ಸ್ಟೆಗಾಲ್ ಅವರಿಗೆ 36 ವರ್ಷ. ಆ ವಯಸ್ಸಿನಲ್ಲಿ ರಿಸೀವರ್‌ಗಳ ಕಾಲು ಸೋತಿರುತ್ತದೆ, ಅನುಭವವೊಂದೇ ಉಳಿದಿರುತ್ತದೆ. ಇವರ ಹಿಂದೆ ಓಡಿದವರು ಇವರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರಿದ್ದಿರಬೇಕು.

ಮೈಸೂರಿನ ಓದುಗ

ಮೇಡಂ, ನೀವು ಬರೆದದ್ದನ್ನು ಓದಿ ಆ ದೃಶ್ಯವನ್ನು ಹುಡುಕಿ ನೋಡಿದೆ. ನನಗೆ ಅಚ್ಚರಿಯಾದದ್ದು ಸ್ಟೆಗಾಲ್ ಅವರ ಓಟಕ್ಕಿಂತ ಡಿಫೆಂಡರ್‌ಗಳ ವರ್ತನೆ. ಅಷ್ಟು ಸ್ಪಷ್ಟವಾದ ಪರಿಸ್ಥಿತಿಯಲ್ಲಿ ಅವರು ಹಿಂದೆ ಸರಿದು ನಿಲ್ಲದೆ ಇದ್ದದ್ದು ಏಕೆ?

ವಿನ್ನಿಪೆಗ್ ನಿವಾಸಿ

ಅದಕ್ಕೆ ಒಂದು ಕಾರಣ ನಾನು ಮೊದಲು ಹೇಳಿದ ವ್ಯಾಗಲ್. ಓಡಿ ಬರುತ್ತಿರುವ ಸ್ಲಾಟ್‌ಬ್ಯಾಕ್ ಗೆರೆ ದಾಟುವಾಗ ಆತ ಪಕ್ಕಕ್ಕೆ ತಿರುಗುವನೋ, ನೇರ ಹೋಗುವನೋ ಎಂದು ಡಿಫೆಂಡರ್‌ಗೆ ತಿಳಿಯಲು ಸಿಗುವ ಸಮಯ ಬಹಳ ಕಡಿಮೆ, ಆತ ಒಂದು ಹೆಜ್ಜೆ ತಪ್ಪಿದರೆ 65 ಯಾರ್ಡ್ ಅಗಲದ ಮೈದಾನದಲ್ಲಿ ಪಕ್ಕದವನ ಸಹಾಯ ತಕ್ಷಣ ಒದಗುವುದಿಲ್ಲ. ಹಾಗೆಂದು ಎಡ್ಮಂಟನ್‌ನವರ ಅಜಾಗರೂಕತೆಯನ್ನು ನಾನು ಮುಚ್ಚಿಡುವುದಿಲ್ಲ. ಮೂರು ಅಂಕ ಮುಂದಿದ್ದವರು ಅದನ್ನು ತಡೆಯಲೇಬೇಕಿತ್ತು.

ಕ್ಯಾಲ್ಗರಿ ಕನ್ನಡಿಗ

ಆ ಆಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಅದ್ಭುತ ಕ್ಷಣ ಬೇರೆ, ಇಡೀ ವೃತ್ತಿಜೀವನದ ತೂಕ ಬೇರೆ. ಅದಿರಲಿ, 2008ರಲ್ಲಿ ಪಿಟ್ಸ್ ಅವರ 14,891 ಯಾರ್ಡ್‌ಗಳ ದಾಖಲೆಯನ್ನು ಸ್ಟೆಗಾಲ್ ಅವರು ದಾಟಿದಾಗ ಕ್ಯಾಲ್ಗರಿಯ ಹಳೆಯ ಅಭಿಮಾನಿಗಳೂ ಚಪ್ಪಾಳೆ ತಟ್ಟಿದ್ದನ್ನು ಕಂಡಿದ್ದೇನೆ. 2012ರಲ್ಲಿ ಅವರು ಕೆನಡಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದೂ ನ್ಯಾಯವೇ. ಮೊದಲ ಮೂವರಲ್ಲಿ ಒಬ್ಬರೆಂದು ಒಪ್ಪುತ್ತೇನೆ. ಮೊದಲನೆಯವರೆಂದು ಒಪ್ಪಲು ಮಾತ್ರ ನನಗೆ ಗ್ರೇ ಕಪ್ ಅಡ್ಡ ಬರುತ್ತದೆ.

ಹ್ಯಾಮಿಲ್ಟನ್ ನೋಟ

ಈ ಚರ್ಚೆಗೆ ಇನ್ನೊಂದು ತಿರುವು ಬಂದಿರುವುದನ್ನು ಗಮನಕ್ಕೆ ತರುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಲೀಗಿನ ಆಯುಕ್ತ ಸ್ಟುವರ್ಟ್ ಜಾನ್‌ಸ್ಟನ್ ಅವರು ಪ್ರಕಟಿಸಿದ ಬದಲಾವಣೆಗಳ ಪ್ರಕಾರ 2027ರಿಂದ ಮೈದಾನದ ಉದ್ದ 110ರಿಂದ 100 ಯಾರ್ಡ್‌ಗೆ ಇಳಿಯುತ್ತದೆ, ಎಂಡ್ ಝೋನ್ 20ರಿಂದ 15 ಯಾರ್ಡ್ ಆಗುತ್ತದೆ, ಗೋಲ್ ಕಂಬಗಳು ಗೋಲ್ ಲೈನಿನಿಂದ ಎಂಡ್ ಝೋನಿನ ಹಿಂಭಾಗಕ್ಕೆ ಹೋಗುತ್ತವೆ. ಅಗಲ, ಮೂರು ಡೌನ್, 12 ಆಟಗಾರರು, ವ್ಯಾಗಲ್ ಎಲ್ಲವೂ ಹಾಗೆಯೇ ಉಳಿಯುತ್ತವೆ. ಆದರೆ ಇದರ ಒಂದು ಪರಿಣಾಮವನ್ನು ನೋಡಿ: 100 ಯಾರ್ಡ್ ಮೈದಾನದಲ್ಲಿ ಸ್ವಂತ ಒಂದು ಯಾರ್ಡ್ ಗೆರೆಯಿಂದ ಹೊರಟರೂ ಪಾಸ್ ಟಚ್‌ಡೌನ್ 99 ಯಾರ್ಡ್ ಮೀರಲಾರದು. 2006ರ ಆ ಆಟವಾಗಲೀ ಪ್ಯಾಟರ್ಸನ್ ಮತ್ತು ಎವಾನ್ಶೆನ್ ಅವರ 109 ಯಾರ್ಡ್‌ಗಳಾಗಲೀ ಇನ್ನು ಮುಂದೆ ಅಂಗಳದ ಅಳತೆಯ ಕಾರಣಕ್ಕೇ ಅಸಾಧ್ಯ. ಇಂಥ ದಾಖಲೆಗಳನ್ನು ಹಳೆಯ ಮೈದಾನದವೆಂದು ಪ್ರತ್ಯೇಕವಾಗಿ ಇಡಬೇಕೆಂಬುದು ನನ್ನ ಅಭಿಪ್ರಾಯ.

ಲೆಕ್ಕದ ಪುಸ್ತಕ

ಉದ್ದದ ದಾಖಲೆಗಳನ್ನು ಬೇರೆ ಇಡುವುದು ಸರಿ. ಆದರೆ 147ನ್ನು ಅದೇ ಪಟ್ಟಿಯಲ್ಲಿ ಮುಂದುವರಿಸಬೇಕು ಎನ್ನುತ್ತೇನೆ. ಗೋಲ್ ಕಂಬಗಳನ್ನು ಹಿಂದಕ್ಕೆ ಸರಿಸುವ ಉದ್ದೇಶವೇ ತಂಡಗಳು ಚೆಂಡನ್ನು ಆ ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲಿಗೆ ತೃಪ್ತರಾಗದೆ ಟಚ್‌ಡೌನಿಗೆ ಪ್ರಯತ್ನಿಸಲಿ ಎಂಬುದು. ಅಂದರೆ ಇನ್ನು ಮುಂದೆ ಬರುವ ರಿಸೀವರ್‌ಗಳಿಗೆ ಗೋಲ್ ಲೈನಿನ ಸಮೀಪದಲ್ಲಿ ಅವಕಾಶ ಹೆಚ್ಚು, ಆದರೆ ಎಂಡ್ ಝೋನಿನೊಳಗೆ ಬಿಡುವು ಹುಡುಕಿಕೊಳ್ಳಲು ಐದು ಯಾರ್ಡ್ ಜಾಗ ಕಡಿಮೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆಯೇ ಎಂಬುದು ಎರಡು ಮೂರು ಋತುಗಳ ಅಂಕಿ ಬಂದ ಮೇಲೆ ತಿಳಿಯುತ್ತದೆ.

ಕ್ಯಾಲ್ಗರಿ ಕನ್ನಡಿಗ

ಆ ಅಂಕಿ ಬಂದಾಗ ಪಿಟ್ಸ್ ಅವರ 2,036 ಯಾರ್ಡ್‌ಗಳನ್ನೂ ಅದೇ ಪಟ್ಟಿಯಲ್ಲಿ ಮುಂದುವರಿಸಬೇಕು ಮೇಡಂ. ಮೈದಾನ ಹತ್ತು ಯಾರ್ಡ್ ಚಿಕ್ಕದಾದ ಮೇಲೆ ಯಾರಾದರೂ ಅದನ್ನು ದಾಟಿದರೆ ಆತನನ್ನು ಸ್ಟೆಗಾಲ್ ಮತ್ತು ಪಿಟ್ಸ್ ಇಬ್ಬರಿಗಿಂತಲೂ ಮೇಲೆ ಇಡಲು ನನ್ನ ಅಭ್ಯಂತರವಿಲ್ಲ, ಗ್ರೇ ಕಪ್ ಗೆದ್ದಿದ್ದರೆ.